ಲೆಕ್ಕದ ಅಧಿಕಾರವೂ ಶಾಸ್ತ್ರದ ಅಧಿಕಾರವೂ

ಮತಧರ್ಮಕ್ಕೂ ರಾಜ್ಯಾಡಳಿತಕ್ಕೂ ನಡುವೆ ಎಷ್ಟು ಅಂತರವಿರತಕ್ಕದ್ದು ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತತ್ತ್ವದ ಎತ್ತರದಲ್ಲಿಯೇ ನಡೆಯುತ್ತದೆ. ಅದು ಪಾಶ್ಚಾತ್ಯರಿಂದ ಬಂದ ಕಲ್ಪನೆಯೆಂದು ಕೆಲವರೂ, ಅಶೋಕನ ಕಾಲದಿಂದ ನಮ್ಮದೇ ಆಗಿದ್ದ ಸಂಸ್ಕಾರವೆಂದು ಕೆಲವರೂ ವಾದಿಸಿ, ತಂತಮ್ಮ ಪಕ್ಷವನ್ನು ಸಮರ್ಥಿಸಿಕೊಂಡ ತೃಪ್ತಿಯಿಂದ ಸಭೆಯಿಂದ ಏಳುತ್ತಾರೆ; ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಸ್ವತಂತ್ರ ಭಾರತದಲ್ಲಿ ಆ ಪ್ರಶ್ನೆಗೆ ಮೊದಲ ವಿಸ್ತಾರವಾದ ಉತ್ತರ ಹುಟ್ಟಿದ್ದು ಉಡುಪಿಯ ಒಂದು ಮಠದ ಸಾಲದ ಲೆಕ್ಕದಿಂದ ಎಂಬುದನ್ನು ವಕೀಲವೃಂದದ ಹೊರಗೆ ನೆನೆಯುವವರು ವಿರಳ. ಆ ಉತ್ತರವನ್ನು ಅದರ ಪೂರ್ವಾಪರಗಳೊಡನೆ ಅರಿತುಕೊಂಡರೆ, ಸರ್ಕಾರವು ಮತಸಂಸ್ಥೆಯೊಳಗೆ ಎಲ್ಲಿಯವರೆಗೆ ಕಾಲಿಡಬಹುದು, ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಅಲ್ಲದೆ, ಅನಂತರದ ಏಳು ದಶಕಗಳಲ್ಲಿ ನಾವು ಆ ನೆಲೆಯಿಂದ ಎಷ್ಟು ದೂರ ಸರಿದು ಬಂದಿದ್ದೇವೆ ಎಂಬುದೂ ಸ್ಪಷ್ಟವಾಗುತ್ತದೆ.

ಶ್ರೀ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜಾಧಿಕಾರವನ್ನು ತಮ್ಮ ಎಂಟು ಮಂದಿ ಸಂನ್ಯಾಸಿ ಶಿಷ್ಯರಿಗೆ ವಹಿಸಿದರೆಂಬುದನ್ನೂ, ಅವರ ಪರಂಪರೆಗಳೇ ಇಂದಿನ ಅಷ್ಟಮಠಗಳೆಂಬುದನ್ನೂ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಶ್ರೀ ವಾದಿರಾಜರು ಎರಡೆರಡು ವರ್ಷಗಳಿಗೆ ವಿಸ್ತರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಹೀಗೆ ಹದಿನಾರು ವರ್ಷಗಳಿಗೊಮ್ಮೆ ಪ್ರತಿಯೊಂದು ಮಠಕ್ಕೂ ಬರುವ ಪರ್ಯಾಯವು ಗೌರವದ ಪರಾಕಾಷ್ಠೆಯಾದಂತೆಯೇ ವೆಚ್ಚದ ಪರಾಕಾಷ್ಠೆಯೂ ಹೌದು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳೆಂದು ಸಿದ್ಧತೆಯ ಒಂದೊಂದು ಹಂತವೂ ಶಾಸ್ತ್ರೋಕ್ತವಾಗಿ ನಡೆಯುವ ಆ ಉತ್ಸವದಲ್ಲಿ ಉಗ್ರಾಣದ ಅಕ್ಕಿ ಎಲ್ಲಿಗೆ ಮುಗಿದು ದೇವರ ನೈವೇದ್ಯ ಎಲ್ಲಿಂದ ಆರಂಭವಾಗುತ್ತದೆಂದು ಹೇಳುವುದು ಸುಲಭವಲ್ಲ. ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕುವುದು ಅಲ್ಲಿ ಆಡಳಿತವೂ ಅಹುದು, ಆರಾಧನೆಯೂ ಅಹುದು.

ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು 1919ರಲ್ಲಿ, ಇನ್ನೂ ಅಪ್ರಾಪ್ತ ವಯಸ್ಕರಾಗಿದ್ದಾಗಲೇ ಪೀಠವನ್ನೇರಿದವರು. ಅವರು ಪ್ರಾಪ್ತವಯಸ್ಕರಾಗಿ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮಠವು ಸಾಲದಲ್ಲಿ ಮುಳುಗಿತ್ತು. ನಾಲ್ಕಾರು ವರ್ಷಗಳಲ್ಲಿ ಅದರ ಬಹುಭಾಗವನ್ನು ತೀರಿಸಿದರಾದರೂ, 1930ರ ದಶಕದ ಆರಂಭದಲ್ಲಿ ಬಂದ ಮೊದಲ ಪರ್ಯಾಯವು ಮತ್ತೆ ಸಾಲವನ್ನು ತಂದಿತು. 1946ರಲ್ಲಿ ಎರಡನೆಯ ಪರ್ಯಾಯ ಬಂದಾಗ, ಯುದ್ಧಾನಂತರದ ಅಭಾವವೂ ಬೆಲೆಗಳ ಏರಿಕೆಯೂ ಸೇರಿ ಋಣಭಾರವು ಒಂದು ಲಕ್ಷ ರೂಪಾಯಿಗಳ ಸಮೀಪಕ್ಕೆ ಬಂದಿತು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಆಡಳಿತಕ್ಕೆ ಸೇರಿದ್ದುದರಿಂದ, ಅಲ್ಲಿಯ ಹಿಂದೂ ಧಾರ್ಮಿಕ ದತ್ತಿಗಳ ಮಂಡಲಿಯು ನಡುವೆ ಪ್ರವೇಶಿಸಿ, ಮಠಕ್ಕೊಬ್ಬ ಸಮರ್ಥ ಪಾರುಪತ್ಯಗಾರನನ್ನು ನೇಮಿಸತಕ್ಕದ್ದೆಂದು ಸ್ವಾಮಿಗಳಿಗೆ ಆಜ್ಞಾಪಿಸಿತು. ಹಾಗೆ ನೇಮಕವಾದವರು ತಮ್ಮನ್ನೇ ಲೆಕ್ಕಿಸದೆ ಆಡಳಿತ ನಡೆಸತೊಡಗಿದರೆಂಬುದು ಸ್ವಾಮಿಗಳ ದೂರು. ಅಧಿಕಾರಪತ್ರವನ್ನು ಅವರು ಹಿಂತೆಗೆದುಕೊಂಡರು. ಮಂಡಲಿಯು ಮಠದ ಆಡಳಿತಕ್ಕೆ ತಾನೇ ಒಂದು ಯೋಜನೆಯನ್ನು ವಿಧಿಸಲು ಹೊರಟಿತು. ಸ್ವಾಮಿಗಳು ಮದ್ರಾಸಿನ ಹೈಕೋರ್ಟಿನ ಮೊರೆ ಹೊಕ್ಕರು. ವ್ಯಾಜ್ಯ ನಡೆಯುತ್ತಿರುವಾಗಲೇ ಹಳೆಯ ಕಾನೂನಿನ ಸ್ಥಾನದಲ್ಲಿ 1951ರ ಹೊಸ ದತ್ತಿ ಕಾನೂನು ಬಂದುದರಿಂದ, ಒಂದು ಮಠದ ಸಾಲದ ವಿಷಯವಾಗಿದ್ದದ್ದು ಆ ಕಾನೂನಿನ ಯುಕ್ತಾಯುಕ್ತತೆಯ ವಿಷಯವಾಗಿ ಬೆಳೆಯಿತು.

ದೇವರ ಲೆಕ್ಕವನ್ನು ಸರ್ಕಾರ ನೋಡುವ ಪದ್ಧತಿ ಆಗ ಹೊಸದೇನೂ ಆಗಿರಲಿಲ್ಲ. ಉಂಬಳಿ ಕೊಟ್ಟ ಅರಸನಿಗೆ ಅದರ ವಿನಿಯೋಗವನ್ನು ವಿಚಾರಿಸುವ ಹಕ್ಕೂ ಉಂಟೆಂಬುದು ನಮ್ಮ ಹಿಂದಣ ರಾಜನೀತಿ. ಆ ಅರಸರ ಸ್ಥಾನಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿ 1817ರ ಮದ್ರಾಸ್ ರೆಗ್ಯುಲೇಷನ್ನಿನ ಮೂಲಕ ದೇವಾಲಯ ಮಠಗಳ ದತ್ತಿಗಳ ಮೇಲ್ವಿಚಾರಣೆಯನ್ನು ತನ್ನ ಕಂದಾಯ ಅಧಿಕಾರಿಗಳಿಗೆ ವಹಿಸಿತು. ಕ್ರೈಸ್ತ ಸರ್ಕಾರವು ಮೂರ್ತಿಪೂಜೆಗೆ ಆಶ್ರಯ ಕೊಡುವುದು ಪಾಪವೆಂದು ಮಿಷನರಿಗಳು ಇಂಗ್ಲೆಂಡಿನಲ್ಲಿ ಗದ್ದಲವೆಬ್ಬಿಸಿದ ಮೇಲೆ, ಕಂಪನಿಯು ಮೆಲ್ಲಮೆಲ್ಲನೆ ಕೈ ಹಿಂತೆಗೆದುಕೊಂಡಿತು; 1863ರ ಕಾನೂನಿನಿಂದ ಆ ಭಾರವನ್ನು ಸ್ಥಳೀಯ ಸಮಿತಿಗಳಿಗೂ ಧರ್ಮದರ್ಶಿಗಳಿಗೂ ಒಪ್ಪಿಸಿಬಿಡಲಾಯಿತು. ಸಮಿತಿಗಳು ನಿದ್ರಿಸಿದವು, ದೇವಸ್ವವು ಅನೇಕ ಕಡೆ ಖಾಸಗಿ ಆಸ್ತಿಯಂತೆ ಕರಗಿತು, ಭಾರತೀಯ ಮಂತ್ರಿಗಳಿಗೆ ಸ್ವಲ್ಪ ಅಧಿಕಾರ ಬಂದ 1920ರ ದಶಕದಲ್ಲಿ ಮದ್ರಾಸಿನ ಶಾಸನಸಭೆಯೇ ಮುಂದಾಗಿ ದತ್ತಿಗಳ ಮಂಡಲಿಯನ್ನು ನಿರ್ಮಿಸಿತು. ಘಟ್ಟದ ಮೇಲಣ ಮೈಸೂರಿನಲ್ಲಿ ಮುಜರಾಯಿ ಇಲಾಖೆಯೂ, ಅದು ಕೊಡುವ ತಸ್ತೀಕಿನ ಹಣವೂ ಜನಜೀವನದ ಅಂಗವೇ ಆಗಿಹೋಗಿದ್ದವು. ಆದುದರಿಂದ ಸರ್ಕಾರವೇ ದೇವಾಲಯದ ವಿಷಯದಲ್ಲಿ ಕೈಯಾಡಿಸಬಾರದೆಂಬ ಮಾತಿಗೆ ನಮ್ಮ ನೆಲದಲ್ಲಿ ಬೇರು ಆಳವಾಗಿರಲಿಲ್ಲ. ಕೈ ಎಷ್ಟು ಉದ್ದ ಇರಬಹುದೆಂಬುದೇ ಇಲ್ಲಿಯ ನಿಜವಾದ ಪ್ರಶ್ನೆಯಾಗಿತ್ತು.

ಸಂವಿಧಾನವನ್ನು ರಚಿಸಿದ ಸಭೆಗೆ ಬೇರೆ ಮಾದರಿಗಳು ಗೊತ್ತಿರಲಿಲ್ಲವೆಂದಲ್ಲ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರಲ್ಲಿ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆಯೊಂದನ್ನು ಕಲ್ಪಿಸಿದ್ದನು. ಫ್ರಾನ್ಸ್ ದೇಶವು 1905ರ ಕಾನೂನಿನಿಂದ ಯಾವ ಮತಕ್ಕೂ ತಾನು ಮನ್ನಣೆಯನ್ನಾಗಲಿ ಸಂಬಳವನ್ನಾಗಲಿ ಕೊಡುವುದಿಲ್ಲವೆಂದು ಸಾರಿತ್ತು. ಪ್ರೊಫೆಸರ್ ಕೆ.ಟಿ. ಷಾ ಅವರು ಮತಧರ್ಮಗಳೊಡನೆ ರಾಜ್ಯಕ್ಕೆ ಯಾವ ಸಂಬಂಧವೂ ಇರಕೂಡದೆಂಬ ಅರ್ಥದ ತಿದ್ದುಪಡಿಯನ್ನು ಸೂಚಿಸಿದರು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದ ಪ್ರತಿನಿಧಿಯಾಗಿದ್ದ ಹರಿ ವಿಷ್ಣು ಕಾಮತರು, ರಾಜ್ಯವು ಯಾವುದೊಂದು ಮತವನ್ನೂ ಸ್ಥಾಪಿಸಬಾರದು, ಪೋಷಿಸಬಾರದು ಎಂಬ ಸ್ಪಷ್ಟ ವಾಕ್ಯವನ್ನು ಸೇರಿಸಬೇಕೆಂದು 1948ರ ಡಿಸೆಂಬರಿನಲ್ಲಿ ಕೇಳಿಕೊಂಡರು. ಎರಡನ್ನೂ ಸಭೆ ಒಪ್ಪಲಿಲ್ಲ. ಅದೇ ಕಾಮತರು ಮರುವರ್ಷದ ಅಕ್ಟೋಬರಿನಲ್ಲಿ ಸಂವಿಧಾನದ ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಸೂಚಿಸಿದರು. ದೇವರನ್ನು ಮತಕ್ಕೆ ಹಾಕುವ ಸಂಕಟದಿಂದ ತಮ್ಮನ್ನು ಪಾರುಮಾಡಬೇಕೆಂದು ಸದಸ್ಯರು ಬೇಡಿಕೊಂಡರೂ ಅವರು ಬಿಡಲಿಲ್ಲ. ಪರವಾಗಿ 41, ವಿರೋಧವಾಗಿ 68 ಮತಗಳು ಬಂದು ಸೂಚನೆ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಆಸ್ತಿಕರು ಕಡಮೆ ಇರಲಿಲ್ಲ. ಶ್ರದ್ಧೆಯ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಬಾರದೆಂಬುದು ಅವರ ವಾದವಾಗಿತ್ತು. ಮತವನ್ನು ಸಂಪೂರ್ಣವಾಗಿ ದೂರವಿಡಿ ಎಂದವರಿಗೂ, ದೇವರನ್ನು ಮೊದಲ ಸಾಲಿನಲ್ಲಿಡಿ ಎಂದವರಿಗೂ ಆ ಸಭೆ ಸಮನಾಗಿ ಇಲ್ಲವೆಂದದ್ದು ವಿಚಾರಯೋಗ್ಯವಾದ ಸಂಗತಿ.

ಸಭೆ ಕೊನೆಗೆ ಬರೆದಿಟ್ಟ ಏರ್ಪಾಡು ಅಮೆರಿಕದ ಗೋಡೆಗಿಂತ ಜಟಿಲವಾದದ್ದು. 25ನೆಯ ಅನುಚ್ಛೇದವು ಪ್ರತಿಯೊಬ್ಬ ವ್ಯಕ್ತಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ತನ್ನ ಮತವನ್ನು ಅವಲಂಬಿಸಿ ಆಚರಿಸಿ ಪ್ರಸಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆದರೆ ಆ ಹಕ್ಕು ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೂ, ಉಳಿದ ಮೂಲಭೂತ ಹಕ್ಕುಗಳಿಗೂ ಒಳಪಟ್ಟದ್ದು. ಮತಾಚರಣೆಯ ಜತೆಗೆ ಅಂಟಿಕೊಂಡಿರುವ ಲೌಕಿಕ ವ್ಯವಹಾರಗಳನ್ನು ಕ್ರಮಪಡಿಸುವುದಕ್ಕೂ, ಹಿಂದೂಗಳ ಸಾರ್ವಜನಿಕ ದೇವಾಲಯಗಳನ್ನು ಸಕಲ ವರ್ಗದ ಹಿಂದೂಗಳಿಗೆ ತೆರೆಯುವುದಕ್ಕೂ ಸರ್ಕಾರ ಕಾನೂನು ಮಾಡಬಹುದೆಂದು ಅದೇ ಅನುಚ್ಛೇದವು ಹೇಳುತ್ತದೆ. ಒಂದು ನಿರ್ದಿಷ್ಟ ಮತದ ಪೋಷಣೆಗೆಂದೇ ತೆರಿಗೆ ತೆರುವಂತೆ ಯಾರನ್ನೂ ಒತ್ತಾಯಿಸಬಾರದೆಂದು 27ನೆಯದೂ, ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಶಾಲೆಗಳಲ್ಲಿ ಮತಬೋಧೆ ಸಲ್ಲದೆಂದು 28ನೆಯದೂ ವಿಧಿಸುತ್ತವೆ. ಇಷ್ಟಾದರೂ, 290ಎ ಅನುಚ್ಛೇದವು ಕೇರಳದ ಖಜಾನೆಯಿಂದ ಪ್ರತಿವರ್ಷ 46,50,000 ರೂಪಾಯಿಗಳನ್ನು ತಿರುವಾಂಕೂರಿನ ದೇವಸ್ವಂ ನಿಧಿಗೂ, ತಮಿಳುನಾಡಿನ ಖಜಾನೆಯಿಂದ 13,50,000 ರೂಪಾಯಿಗಳನ್ನು ಅಲ್ಲಿಯ ನಿಧಿಗೂ ಸಲ್ಲಿಸಬೇಕೆಂದು ಆಜ್ಞಾಪಿಸುತ್ತದೆ. ದೇವಸ್ವದ ಭೂಮಿಯನ್ನು ಹಿಂದೆ ಸಂಸ್ಥಾನವೇ ತನ್ನ ವಶಕ್ಕೆ ತೆಗೆದುಕೊಂಡಿದ್ದುದರ ಋಣ ಅದು. ಗೋಡೆಯನ್ನು ಎಬ್ಬಿಸಿದ ಫ್ರಾನ್ಸಿನಲ್ಲಿಯೂ, 1905ರಲ್ಲಿ ಜರ್ಮನಿಯ ಕೈಯಲ್ಲಿದ್ದ ಆಲ್ಸೇಸ್ ಪ್ರಾಂತದ ಪಾದ್ರಿಗಳಿಗೆ ಇಂದಿಗೂ ಸರ್ಕಾರದ ಸಂಬಳವಿದೆ. ಇತಿಹಾಸದ ಋಣವನ್ನು ತೀರಿಸದೆ ತತ್ತ್ವದ ಗೆರೆಯನ್ನು ನೇರವಾಗಿ ಎಳೆಯಲು ಯಾವ ದೇಶಕ್ಕೂ ಸಾಧ್ಯವಾಗಿಲ್ಲ.

ನಮ್ಮ ಏರ್ಪಾಡಿನ ಕೀಲು ಇರುವುದು 26ನೆಯ ಅನುಚ್ಛೇದದಲ್ಲಿ. ಪ್ರತಿಯೊಂದು ಮತಪಂಗಡಕ್ಕೂ ಅಲ್ಲಿ ಹೇಳಿರುವ ಹಕ್ಕುಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು: ಮತಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಹಕ್ಕು ಒಂದು, ತನ್ನ ಆಸ್ತಿಯನ್ನು ಕಾನೂನಿಗನುಸಾರವಾಗಿ ನಿರ್ವಹಿಸುವ ಹಕ್ಕು ಇನ್ನೊಂದು. ಆಸ್ತಿಯ ವಿಷಯಕ್ಕೆ ಬಂದಾಗ ಕಾನೂನಿನ ಅಂಕುಶವನ್ನು ಹೇಳಿರುವ ಸಂವಿಧಾನ, ಮತವಿಷಯವನ್ನು ಹೇಳುವಾಗ ಅದನ್ನು ಹೇಳಿಲ್ಲ. ಲೆಕ್ಕ ಕೇಳುವ ಅಧಿಕಾರ ಸರ್ಕಾರಕ್ಕುಂಟು, ಶಾಸ್ತ್ರ ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು ಇದರ ಸಾರಾಂಶ. ಆದರೆ ಪರ್ಯಾಯದ ಉಗ್ರಾಣದಲ್ಲಿ ನಿಂತ ಅಧಿಕಾರಿಗೆ, ಇಷ್ಟು ಖಂಡಿ ಅಕ್ಕಿಯ ಸಂತರ್ಪಣೆಯನ್ನು ಲೆಕ್ಕವೆನ್ನಬೇಕೋ ಶಾಸ್ತ್ರವೆನ್ನಬೇಕೋ ಎಂದು ತೋರಿಸಿಕೊಡುವವರು ಯಾರು?

1954ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳ ಪರವಾಗಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಅವರು ಬರೆದ ಶಿರೂರು ಮಠದ ತೀರ್ಪು ಎದುರಿಸಿದ್ದು ಈ ಪ್ರಶ್ನೆಯನ್ನು. ಮತವೆಂದರೆ ಮನುಷ್ಯನಿಗೂ ಅವನ ಸೃಷ್ಟಿಕರ್ತನಿಗೂ ಇರುವ ಸಂಬಂಧದ ಭಾವನೆಯೆಂದು ಹಿಂದೆ ಅಮೆರಿಕದ ನ್ಯಾಯಾಲಯವೊಂದು ಮಾಡಿದ್ದ ವ್ಯಾಖ್ಯಾನವನ್ನು, ಸೃಷ್ಟಿಕರ್ತನನ್ನೊಪ್ಪದ ಬೌದ್ಧ ಜೈನ ಮತಗಳುಳ್ಳ ಈ ದೇಶಕ್ಕೆ ಸಾಲದೆಂದು ಅವರು ಬದಿಗಿಟ್ಟರು. ಮತವು ಕೇವಲ ಸಿದ್ಧಾಂತವಲ್ಲದೆ, ಪೂಜಾವಿಧಾನ, ಉತ್ಸವ, ಆಹಾರ ಉಡುಗೆಗಳ ನಿಯಮಗಳವರೆಗೂ ಚಾಚಿರಬಹುದೆಂದು ಅವರು ಅಂಗೀಕರಿಸಿದರು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕು, ಇಂಥ ದಿನ ಹೋಮವಾಗಬೇಕು, ಇಂಥ ಗ್ರಂಥದ ಪಾರಾಯಣವಾಗಬೇಕು ಎಂದು ಒಂದು ಮತದ ಸಿದ್ಧಾಂತವೇ ವಿಧಿಸಿದ್ದರೆ, ಅದಕ್ಕೆ ಹಣ ಖರ್ಚಾಗುತ್ತದೆಂಬ ಮಾತ್ರದಿಂದ, ಪುರೋಹಿತರಿಗೆ ಸಂಬಳ ಕೊಡಬೇಕಾಗುತ್ತದೆಂಬ ಮಾತ್ರದಿಂದ ಅದು ಲೌಕಿಕವಾಗಿಬಿಡುವುದಿಲ್ಲ. ಯಾವ ಆಚರಣೆ ಮತಕ್ಕೆ ಸಾರಭೂತವಾದದ್ದೆಂಬುದನ್ನು ಮುಖ್ಯವಾಗಿ ಆ ಮತದ ಸಿದ್ಧಾಂತದಿಂದಲೇ ತಿಳಿಯತಕ್ಕದ್ದು. ಹೊರಗಿನ ಯಾವ ಅಧಿಕಾರಿಯೂ ಅದನ್ನು ನಿರ್ಣಯಿಸಲಾಗದು. ಆದರೆ ಆ ಆಚರಣೆಗೆ ಎಷ್ಟು ವೆಚ್ಚಮಾಡಬೇಕೆಂಬ ಪ್ರಮಾಣವು ಆಸ್ತಿಯ ನಿರ್ವಹಣೆಗೆ ಸೇರಿದ್ದರಿಂದ ಕಾನೂನು ಅದನ್ನು ಹತೋಟಿಯಲ್ಲಿಡಬಹುದು. ದುಂದುವೆಚ್ಚದಿಂದ ಸಂಸ್ಥೆಯನ್ನೇ ಹಾಳುಮಾಡೆಂದು ಯಾವ ಮತವೂ ವಿಧಿಸಿರಲಾರದು.

ಈ ವಿವೇಕದ ಒರೆಗಲ್ಲಿಗೆ ಹಚ್ಚಿ ಕಾನೂನಿನ ಒಂದೊಂದು ವಿಧಿಯನ್ನೂ ನೋಡಿದ ನ್ಯಾಯಾಲಯವು ಅದರ ಬಹುಭಾಗವನ್ನು ಉಳಿಸಿತು, ಕೆಲವನ್ನು ಕಿತ್ತುಹಾಕಿತು. ದತ್ತಿ ಕಮಿಷನರರೂ ಅವರ ಕೈಕೆಳಗಿನವರೂ ಮಠದ ಯಾವ ಭಾಗವನ್ನಾದರೂ, ಗರ್ಭಗುಡಿಯನ್ನೇ ಆಗಲಿ, ಯಾವ ಕಟ್ಟುಪಾಡೂ ಇಲ್ಲದೆ ಪ್ರವೇಶಿಸಬಹುದೆಂಬುದು ನಿಲ್ಲಲಿಲ್ಲ. ಭಕ್ತರು ಸ್ವಾಮಿಗಳ ಪಾದಕ್ಕೆ ಸ್ವಂತವಾಗಿ ಅರ್ಪಿಸುವ ಪಾದಕಾಣಿಕೆಯನ್ನು ಮಠದ ಕಾರ್ಯಕ್ಕೆ ಮಾತ್ರ ವಿನಿಯೋಗಿಸಬೇಕೆಂಬ ನಿರ್ಬಂಧ ನಿಲ್ಲಲಿಲ್ಲ. ಪೀಠಾಧಿಪತಿಯ ಮೇಲೆ ಸರ್ಕಾರದ ಒಪ್ಪಿಗೆಯ ಪಾರುಪತ್ಯಗಾರನನ್ನು ಹೇರುವ ಅಧಿಕಾರ ನಿಲ್ಲಲಿಲ್ಲ. ಮಠಗಳ ಆದಾಯದಲ್ಲಿ ನೂರಕ್ಕೆ ಐದರವರೆಗೆ ವಸೂಲುಮಾಡಬಹುದೆಂಬ ವಿಧಿಯೂ ಬಿದ್ದಿತು. ಮಾಡಿದ ಸೇವೆಗೆ ಪ್ರತಿಯಾಗಿ ಪಡೆಯುವ ಶುಲ್ಕವಾಗಿರದೆ ಅದು ತೆರಿಗೆಯೇ ಆಗಿದ್ದು, ಅಂಥ ತೆರಿಗೆಯನ್ನು ಹಾಕುವ ಅಧಿಕಾರ ಪ್ರಾಂತದ ಶಾಸನಸಭೆಗೆ ಇಲ್ಲವೆಂಬುದು ಅದಕ್ಕೆ ಕಾರಣ. ಲೆಕ್ಕಪತ್ರವಿಡುವುದು, ತನಿಖೆಗೆ ಒಪ್ಪಿಸುವುದು, ಸ್ಥಿರಾಸ್ತಿಯನ್ನು ಮನಬಂದಂತೆ ಪರಭಾರೆ ಮಾಡದಿರುವುದು ಇವೇ ಮೊದಲಾದ ಕಟ್ಟುಗಳು ಉಳಿದುಕೊಂಡವು.

ಇಷ್ಟರಿಂದ ಸಮಸ್ಯೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಏಕೆಂದರೆ ಮತಪಂಗಡದ ಸ್ವಾತಂತ್ರ್ಯವೆಂಬುದು ಅನೇಕ ವೇಳೆ ಪಂಗಡದೊಳಗಿನ ಪ್ರಬಲರ ಸ್ವಾತಂತ್ರ್ಯವಾಗಿಯೇ ಪರಿಣಮಿಸುತ್ತದೆ. ಆ ಕಠಿಣ ಪ್ರಶ್ನೆಯೂ ಅದೇ ಜಿಲ್ಲೆಯಿಂದಲೇ ದೆಹಲಿಗೆ ಹೋಯಿತು. ಮೂಲ್ಕಿಯ ಶ್ರೀ ವೆಂಕಟರಮಣ ದೇವಾಲಯವು ಗೌಡ ಸಾರಸ್ವತ ಬ್ರಾಹ್ಮಣ ಸಮಾಜಕ್ಕೆ ಸೇರಿದ್ದೆಂದೂ, ಹರಿಜನರಿಗೆ ದೇವಾಲಯ ಪ್ರವೇಶದ ಹಕ್ಕನ್ನು ಕೊಟ್ಟ ಮದ್ರಾಸಿನ 1947ರ ಕಾನೂನು ಅದಕ್ಕೆ ಅನ್ವಯಿಸಲಾರದೆಂದೂ ಅಲ್ಲಿಯ ಮೊಕ್ತೇಸರರು 1949ರಲ್ಲಿ ದಾವೆ ಹೂಡಿದರು. ವ್ಯಾಜ್ಯವು ಮೆಟ್ಟಿಲೇರುತ್ತ ಹೋಗುವಷ್ಟರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡವು ಮೈಸೂರಿಗೆ ಸೇರಿದ್ದರಿಂದ, ಮದ್ರಾಸಿನ ಮೇಲೆ ಹೂಡಿದ ದಾವೆಗೆ ಮೈಸೂರು ಸರ್ಕಾರವು ಉತ್ತರವಾದಿಯಾಯಿತು. 1957ರ ನವೆಂಬರ್ 8ರಂದು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್ ಅವರು ತೀರ್ಪು ಕೊಟ್ಟರು.

ಆ ತೀರ್ಪಿನ ಫಲಕ್ಕಿಂತಲೂ ಅದರ ಪ್ರಾಮಾಣಿಕತೆ ಹೆಚ್ಚು ಸ್ಮರಣೀಯವಾದದ್ದು. ದೇವಾಲಯವು ಆ ಪಂಗಡದ್ದೇ ಎಂದು ಅವರು ಒಪ್ಪಿದರು. ಯಾರು ಯಾವ ಎಲ್ಲೆಯವರೆಗೆ ಒಳಬರಬಹುದೆಂಬುದು ಆಗಮಗಳು ನಿರ್ಣಯಿಸುವ ಮತವಿಷಯವೇ ಹೊರತು ಲೌಕಿಕ ವಿಷಯವಲ್ಲವೆಂದೂ ಒಪ್ಪಿದರು. ಇಷ್ಟನ್ನೆಲ್ಲ ಒಪ್ಪಿದ ಮೇಲೆಯೂ, ಸಾರ್ವಜನಿಕ ದೇವಾಲಯಗಳು ಸಕಲ ವರ್ಗದ ಹಿಂದೂಗಳಿಗೆ ತೆರೆದಿರಬೇಕೆಂಬ ಸಂವಿಧಾನದ ಸಂಕಲ್ಪವು ಪಂಗಡದ ಹಕ್ಕಿಗಿಂತ ಮೇಲಾದದ್ದೆಂದು ನಿರ್ಣಯಿಸಿದರು. ಹೊರಗಿಡುವುದು ನಿಮ್ಮ ಮತದಲ್ಲಿಲ್ಲವೆಂದು ಅವರು ಮೊಕ್ತೇಸರರಿಗೆ ಉಪದೇಶಿಸಲಿಲ್ಲ. ನಿಮ್ಮ ಮತದಲ್ಲಿ ಅದಿದ್ದರೂ ಹೊರಗಿರುವವನಿಗೆ ಈ ದೇಶ ಕೊಟ್ಟ ಹಕ್ಕು ಅದಕ್ಕಿಂತ ದೊಡ್ಡದೆಂದು ತಿಳಿಸಿದರು. ಪ್ರವೇಶದ ಹಕ್ಕಿಗೆ ಚ್ಯುತಿಬಾರದ ರೀತಿಯಲ್ಲಿ, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರು ಮಾತ್ರ ಇರಬಹುದೆಂಬುದನ್ನೂ ಉಳಿಸಿಕೊಟ್ಟರು. ನ್ಯಾಯಾಧೀಶನು ಆಚಾರ್ಯನ ಪೀಠದಲ್ಲಿ ಕುಳಿತುಕೊಳ್ಳದೆ ದುರ್ಬಲನಿಗೆ ನ್ಯಾಯವನ್ನು ಸಲ್ಲಿಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ವಿಷಾದದ ಸಂಗತಿಯೆಂದರೆ ಮುಂದಿನ ತೀರ್ಪುಗಳು ಈ ಸಂಯಮವನ್ನು ಕಾಯ್ದುಕೊಳ್ಳಲಿಲ್ಲ. 1961ರಲ್ಲಿ ಅಜ್ಮೀರದ ದರ್ಗಾದ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಅವರು, ಮತದ ಹೆಸರಿನಲ್ಲಿ ನಡೆಯುವ ಆಚರಣೆಗಳಲ್ಲಿ ಕೆಲವು ಬರಿಯ ಮೂಢನಂಬಿಕೆಯಿಂದ ಹುಟ್ಟಿ ಅನಂತರ ಅಂಟಿಕೊಂಡವಾಗಿರಬಹುದು, ಅಂಥವಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂಬ ಮಾತನ್ನು ಸೇರಿಸಿದರು. ಸಾರವಾವುದು, ಅಂಟಿಕೊಂಡದ್ದಾವುದು ಎಂದು ಸೋಸುವ ಕೆಲಸ ಅಂದಿನಿಂದ ಮತದವರ ಕೈಯಿಂದ ನ್ಯಾಯಪೀಠದ ಕೈಗೆ ಬಂದಿತು. ಗುಜರಾತಿನ ಸ್ವಾಮಿನಾರಾಯಣ ಪಂಥದವರು ತಾವು ಹಿಂದೂಗಳಲ್ಲವೆಂದೂ, ದೇವಾಲಯ ಪ್ರವೇಶದ ಕಾನೂನು ತಮಗೆ ಅನ್ವಯಿಸದೆಂದೂ ವಾದಿಸಿದಾಗ, 1966ರಲ್ಲಿ ನ್ಯಾಯಾಲಯವು ಹಿಂದೂಧರ್ಮದ ಸ್ವರೂಪವನ್ನು ಕುರಿತು ದೀರ್ಘವಾದ ಪ್ರವಚನವನ್ನೇ ಮಾಡಿ, ಅವರ ಆತಂಕವು ಅಜ್ಞಾನದಿಂದಲೂ ಧರ್ಮದ ನಿಜವಾದ ಬೋಧನೆಯನ್ನು ತಪ್ಪಾಗಿ ತಿಳಿದುದರಿಂದಲೂ ಬಂದದ್ದೆಂದು ಹೇಳಿತು. ಮೂಲ್ಕಿಯಲ್ಲಿಯೂ ಗುಜರಾತಿನಲ್ಲಿಯೂ ದೊರೆತ ಫಲವು ಒಂದೇ. ಎರಡು ಕಡೆಯೂ ಹರಿಜನರಿಗೆ ಬಾಗಿಲು ತೆರೆಯಿತು, ತೆರೆಯಬೇಕಾದದ್ದೂ ನ್ಯಾಯವೇ. ಆದರೆ ಒಂದರಲ್ಲಿ ನಾಗರಿಕನ ಹಕ್ಕು ಬಾಗಿಲನ್ನು ತೆರೆಯಿತು. ಇನ್ನೊಂದರಲ್ಲಿ ಸರ್ಕಾರದ ಸಂಬಳ ಪಡೆಯುವ ನ್ಯಾಯಾಧೀಶರು ಹೇಳಿದ ಶಾಸ್ತ್ರಾರ್ಥ ತೆರೆಯಿತು.

ಈ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಆನಂದಮಾರ್ಗಿಗಳ ಪ್ರಸಂಗವು ತೋರಿಸುತ್ತದೆ. ಕತ್ತಿ, ತಲೆಬುರುಡೆಗಳನ್ನು ಹಿಡಿದು ಕಲ್ಕತ್ತೆಯ ಬೀದಿಯಲ್ಲಿ ತಾಂಡವನೃತ್ಯದ ಮೆರವಣಿಗೆ ಮಾಡುವುದನ್ನು ಪೊಲೀಸರು ತಡೆದರು. ಸಾರ್ವಜನಿಕ ಶಾಂತಿಯ ಕಾರಣವೊಂದೇ ಆ ನಿಷೇಧಕ್ಕೆ ಸಾಕಾಗಿತ್ತು. 1983ರಲ್ಲಿ ನ್ಯಾಯಾಲಯವು ಅಷ್ಟಕ್ಕೆ ನಿಲ್ಲದೆ, ಪಂಥವು 1955ರಲ್ಲಿ ಹುಟ್ಟಿದ್ದು, ತಾಂಡವವು ಬಂದದ್ದು 1966ರಲ್ಲಿ, ಆದುದರಿಂದ ಅದು ಸಾರಭೂತವಾದ ಆಚರಣೆಯಲ್ಲವೆಂದು ಹೇಳಿತು. ಪಂಥದವರು ತಮ್ಮ ಆಚಾರಗ್ರಂಥದಲ್ಲಿ ಅದನ್ನು ವಿಧಿಸಿ ಮತ್ತೆ ಬಂದಾಗ, 2004ರಲ್ಲಿ, ಸಾರಭೂತವಾದದ್ದನ್ನು ಆಮೇಲೆ ಸೇರಿಸಲು ಬರುವುದಿಲ್ಲವೆಂಬ ಉತ್ತರ ದೊರೆಯಿತು. ಹಾಗಾದರೆ ಮತವೊಂದು ಹುಟ್ಟಿದ ದಿನವೇ ಪೂರ್ಣವಾಗಿ ಹುಟ್ಟಿರಬೇಕು, ಅನಂತರ ಬೆಳೆಯಕೂಡದು ಎಂದಾಯಿತು. ಈ ಅಳತೆಗೋಲನ್ನು ಹಿಡಿದರೆ, ಎರಡು ತಿಂಗಳ ಸರದಿಯನ್ನು ಎರಡು ವರ್ಷಕ್ಕೆ ವಿಸ್ತರಿಸಿದ ವಾದಿರಾಜರ ವ್ಯವಸ್ಥೆಯ ಗತಿಯೇನು? ಬೆಳೆಯುವುದೂ ಬದಲಾಗುವುದೂ ಜೀವಂತವಾದ ಮತಗಳ ಲಕ್ಷಣ. ಅದನ್ನು ದೋಷವೆಂದೆಣಿಸುವ ನ್ಯಾಯವು ಸುಧಾರಕನಿಗೂ ಸನಾತನಿಗೂ ಸಮನಾಗಿ ಅನ್ಯಾಯವನ್ನು ಮಾಡುತ್ತದೆ.

ಈಚಿನ ದಿನಗಳಲ್ಲಿ ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬಿನ ವಿಷಯವಾಗಿ ಎದ್ದ ವಿವಾದವೂ ಇದೇ ದಾರಿಯನ್ನು ಹಿಡಿಯಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ಹಿಜಾಬ್ ಧರಿಸುವುದು ಇಸ್ಲಾಮಿನಲ್ಲಿ ಅತ್ಯಗತ್ಯವಾದ ಆಚರಣೆಯಲ್ಲವೆಂದು ಕುರಾನಿನ ವಾಕ್ಯಗಳನ್ನು ಪರಿಶೀಲಿಸಿ ತೀರ್ಮಾನಿಸಿ, ಸಮವಸ್ತ್ರದ ಆಜ್ಞೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬಂದಿತು: ಸರ್ಕಾರಿ ಶಾಲೆಯ ಸಮವಸ್ತ್ರದಲ್ಲಿ ಮತದ ಗುರುತಿಗೆ ಎಡೆಯಿಲ್ಲದಿರುವುದು ಸಂವಿಧಾನಕ್ಕೆ ಸಮ್ಮತವೆಂದು ನ್ಯಾಯಮೂರ್ತಿ ಹೇಮಂತ ಗುಪ್ತ ಅವರು ಹೇಳಿದರೆ, ಶಾಸ್ತ್ರದ ಅಗತ್ಯದ ಪ್ರಶ್ನೆಯನ್ನು ಎತ್ತಬೇಕಾಗಿಯೇ ಇರಲಿಲ್ಲ, ಇದು ವಿದ್ಯಾರ್ಥಿನಿಯ ಆಯ್ಕೆಯ ಮತ್ತು ಶಿಕ್ಷಣದ ಪ್ರಶ್ನೆಯೆಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಹೇಳಿದರು. ಈ ಎರಡು ಅಭಿಪ್ರಾಯಗಳಲ್ಲಿ ಯಾವುದನ್ನು ಓದುಗರು ಒಪ್ಪುವರೆಂಬುದು ಬೇರೆಯ ಮಾತು. ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರದ ಎಲ್ಲೆ ಎಷ್ಟು, ಹುಡುಗಿಯ ಸ್ವಾತಂತ್ರ್ಯದ ಎಲ್ಲೆ ಎಷ್ಟು ಎಂಬುದು ಸಂವಿಧಾನದ ಪ್ರಶ್ನೆ, ಅದಕ್ಕೆ ನ್ಯಾಯಾಧೀಶರು ಉತ್ತರ ಕೊಡಲೇಬೇಕು. ಕುರಾನಿನ ಯಾವ ವಾಕ್ಯವು ಕಡ್ಡಾಯ, ಯಾವುದು ಐಚ್ಛಿಕ ಎಂಬುದು ಮೌಲವಿಗಳೂ ಭಕ್ತರೂ ಚರ್ಚಿಸಿಕೊಳ್ಳಬೇಕಾದ ಪ್ರಶ್ನೆ.

ಎರಡು ವಿಚಾರಗಳು ಒಂದರೊಳಗೊಂದು ಸೇರಿಹೋದದ್ದರಿಂದ ಈ ಗೊಂದಲ ಬಂದಿತೆಂದು ತೋರುತ್ತದೆ. 1948ರ ಡಿಸೆಂಬರಿನಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ, ನಮ್ಮ ದೇಶದಲ್ಲಿ ಮತವೆಂಬುದು ಹುಟ್ಟಿನಿಂದ ಸಾವಿನವರೆಗೆ ಬದುಕಿನ ಯಾವ ಮೂಲೆಯನ್ನೂ ಬಿಡದೆ ಆವರಿಸಿರುವುದರಿಂದ, ಅದರ ರಕ್ಷಣೆಯನ್ನು ಸ್ವಭಾವತಃ ಮತಸಂಬಂಧವಾದ ಆಚಾರಗಳಿಗೆ ಸೀಮಿತಗೊಳಿಸದಿದ್ದರೆ ಯಾವ ಸಮಾಜಸುಧಾರಣೆಯ ಕಾನೂನೂ ಸಾಧ್ಯವಾಗದೆಂದು ಎಚ್ಚರಿಸಿದ್ದರು. ದಾಯಭಾಗವೂ ಗೇಣಿಯೂ ಮತವಲ್ಲ, ಪೂಜೆಯೂ ಉಪವಾಸವೂ ಮತ ಎಂಬ ಬಗೆಯ ವಿಭಾಗ ಅದು. ಲೌಕಿಕಕ್ಕೂ ಅಲೌಕಿಕಕ್ಕೂ ನಡುವಿನ ಗೆರೆ. ನ್ಯಾಯಾಲಯಗಳು ಕ್ರಮೇಣ ಅದನ್ನು ಮತದ ಒಳಕ್ಕೆ ತಂದು, ಪೂಜೆಗಳಲ್ಲಿಯೇ ಯಾವುದು ಮುಖ್ಯ, ಯಾವುದು ಗೌಣ ಎಂಬ ಗೆರೆಯನ್ನಾಗಿ ಮಾಡಿಬಿಟ್ಟವು. ಮೊದಲನೆಯ ಗೆರೆಯನ್ನು ಎಳೆಯುವುದಕ್ಕೆ ಲೋಕವ್ಯವಹಾರ ಬಲ್ಲ ನ್ಯಾಯಾಧೀಶನು ಸಾಕು; ಎರಡನೆಯದಕ್ಕೆ ವೇದಾಂತಿಯೋ, ಉಲೇಮಾನೋ, ಬಿಷಪ್ಪನೋ ಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳದೆ ಮುಂದುವರಿಯಲಾಗದು. ಸಾರಾಸಾರದ ನಿರ್ಣಯವನ್ನು ಮತದವರಿಗೇ ಬಿಟ್ಟರೆ, ಅಸ್ಪೃಶ್ಯತೆಯೂ ಬಹಿಷ್ಕಾರವೂ ಸ್ತ್ರೀಯರ ತಿರಸ್ಕಾರವೂ ಮತದ ಸಾರವೆಂದು ಅವರು ಹೇಳಿದರೆ ಗತಿಯೇನೆಂಬುದು ಆ ಆಕ್ಷೇಪ. ಭಯ ನಿಜವಾದದ್ದು. ದಾವೂದಿ ಬೋಹ್ರಾ ಪಂಗಡದ ಮುಖ್ಯಸ್ಥರಿಗೆ ಬಹಿಷ್ಕಾರದ ಅಧಿಕಾರ ಮತದ ಅಂಗವೆಂದು ನ್ಯಾಯಾಲಯವು 1962ರಲ್ಲಿ ಎತ್ತಿಹಿಡಿದಾಗ, ಬಹಿಷ್ಕೃತನಾದ ಮನುಷ್ಯನು ತನ್ನವರ ಮಸೀದಿಯನ್ನೂ ಸ್ಮಶಾನವನ್ನೂ ಕಳೆದುಕೊಳ್ಳುವುದನ್ನು ಕಂಡ ಮುಖ್ಯ ನ್ಯಾಯಾಧೀಶ ಬಿ.ಪಿ. ಸಿನ್ಹಾ ಅವರು ಒಬ್ಬರೇ ಭಿನ್ನಮತವನ್ನು ಬರೆಯಬೇಕಾಯಿತು. ಆದರೆ ಆ ಭಯಕ್ಕೆ ಪರಿಹಾರ ಮೂಲ್ಕಿಯ ತೀರ್ಪಿನಲ್ಲಿದೆ. ಮತಸ್ವಾತಂತ್ರ್ಯವನ್ನು ಕೊಟ್ಟ ಸಂವಿಧಾನವೇ ಸಮಾನತೆಯನ್ನೂ ಕೊಟ್ಟಿದೆ, ಅಸ್ಪೃಶ್ಯತೆಯನ್ನು ಅಳಿಸಿದೆ. ಆದುದರಿಂದ ನ್ಯಾಯಾಲಯವು ಕೇಳಬೇಕಾದದ್ದು, ಈ ಆಚರಣೆಯು ನಿಮ್ಮ ಮತದಲ್ಲಿ ಎಷ್ಟು ಮುಖ್ಯ ಎಂದಲ್ಲ. ಇದರಿಂದ ಯಾರ ದೇಹಕ್ಕೆ, ಯಾರ ಮಾನಕ್ಕೆ, ಯಾರ ನಾಗರಿಕತ್ವಕ್ಕೆ ಎಷ್ಟು ಹಾನಿ ಎಂದು. ಹಾನಿಯಿಲ್ಲದಿದ್ದರೆ, ಆಚರಣೆಯು ಎಷ್ಟೇ ಅಲ್ಪವಾಗಿ ಕಂಡರೂ ಸರ್ಕಾರವು ಅದನ್ನು ಬಿಟ್ಟುಬಿಡಲಿ. ಹಾನಿಯಿದ್ದರೆ, ಅದು ಮತದ ಹೃದಯವೇ ಆಗಿದ್ದರೂ ಕಾನೂನು ಅದನ್ನು ತಡೆಯಲಿ. ಶಬರಿಮಲೆಯ 2018ರ ತೀರ್ಪಿನ ಮೇಲೆ ಎದ್ದ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟು ಮರುವರ್ಷ ವಿಶಾಲ ಪೀಠಕ್ಕೆ ಒಪ್ಪಿಸಿದಾಗ, ಸಾರಭೂತ ಆಚರಣೆಯ ಈ ತತ್ತ್ವವನ್ನೇ ಮರುವಿಮರ್ಶೆಗೆ ಒಡ್ಡಿದ್ದು ಸಮಂಜಸವಾದದ್ದು.

ದೇವಾಲಯಗಳ ಆಡಳಿತದಿಂದ ಸರ್ಕಾರವು ಸಂಪೂರ್ಣವಾಗಿ ಹಿಂದೆಗೆಯಬೇಕೆಂದು ಇಂದು ಕೇಳಿಬರುವ ಬೇಡಿಕೆಯನ್ನೂ ಇದೇ ಮಾನದಿಂದ ಅಳೆಯಬಹುದು. ಗುರುದ್ವಾರಗಳಿಗೆ 1925ರ ಕಾನೂನಿನ ಸಮಿತಿಯುಂಟು, ವಕ್ಫಿನ ಆಸ್ತಿಗಳಿಗೆ ಬೇರೆ ಕಾನೂನೂ ಮಂಡಲಿಯೂ ಉಂಟು, ಕರ್ನಾಟಕದ ದೇವಾಲಯಗಳಿಗೆ 1997ರ ಕಾನೂನುಂಟು. ಇವುಗಳಲ್ಲಿ ಸಮಾನತೆಯಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಸಾರ್ವಜನಿಕರು ಹುಂಡಿಗೆ ಹಾಕಿದ ಹಣದ ಲೆಕ್ಕವನ್ನು ಸಾರ್ವಜನಿಕರ ಪರವಾಗಿ ಯಾರಾದರೂ ನೋಡಲೇಬೇಕು. 1863ರ ಕಾನೂನಿನ ಅನುಭವವು ಅದನ್ನು ಕಲಿಸಿದೆ. ಲೆಕ್ಕ ನೋಡುವವನು ಅರ್ಚಕನಿಗೆ ಮಂತ್ರ ಹೇಳಿಕೊಡತೊಡಗಿದಾಗ, ಉಳಿದ ಹಣವನ್ನು ಸರ್ಕಾರದ ಇಷ್ಟದ ಕಾರ್ಯಕ್ಕೆ ತಿರುಗಿಸತೊಡಗಿದಾಗ, ಅಥವಾ ತನ್ನ ಪಕ್ಷದವರನ್ನು ಮೊಕ್ತೇಸರರನ್ನಾಗಿ ತುಂಬತೊಡಗಿದಾಗ, ಅವನು 26ನೆಯ ಅನುಚ್ಛೇದದ ಗೆರೆಯನ್ನು ದಾಟಿದನೆಂದು ತಿಳಿಯಬೇಕು.

ಮತಧರ್ಮದಿಂದ ಸರ್ಕಾರವನ್ನು ಬೇರ್ಪಡಿಸುವುದೆಂದರೆ ಸರ್ಕಾರವು ನಾಸ್ತಿಕವಾಗುವುದೆಂದೋ, ಮತವು ಮನೆಯೊಳಗೆ ಅಡಗಿಕೊಳ್ಳುವುದೆಂದೋ ತಿಳಿದವರು ಸಂವಿಧಾನವನ್ನು ಸರಿಯಾಗಿ ಓದಿಲ್ಲ. ಈಶ್ವರನ ಹೆಸರಿನಲ್ಲಿ ಪ್ರಮಾಣ ಮಾಡುವವನಿಗೂ, ಬರಿಯ ಅಂತಃಸಾಕ್ಷಿಯ ಮೇಲೆ ದೃಢೀಕರಿಸುವವನಿಗೂ ಮಂತ್ರಿಪದವಿಯ ಬಾಗಿಲು ಇಲ್ಲಿ ಒಂದೇ ಅಗಲಕ್ಕೆ ತೆರೆದಿದೆ. ಯಾವ ದೇವರು ನಿಜ, ಯಾವ ಆಚರಣೆ ಶ್ರೇಷ್ಠ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರವನ್ನು ನಮ್ಮ ಸಂವಿಧಾನ ಪ್ರಭುತ್ವದ ಕೈಗೆ ಕೊಡಲಿಲ್ಲ. ಮಂತ್ರಿಯೂ ನ್ಯಾಯಾಧೀಶನೂ ಆ ಅಧಿಕಾರವನ್ನು ಸದುದ್ದೇಶದಿಂದಲೇ ಬಳಸಿದರೂ, ಒಮ್ಮೆ ಅದು ರೂಢಿಯಾದ ಮೇಲೆ ಮುಂದಿನವರು ಯಾವ ಉದ್ದೇಶಕ್ಕೆ ಬಳಸುವರೆಂದು ಯಾರೂ ಹೊಣೆ ಹೊರಲಾರರು. ಇಂದು ತನಗೆ ಒಪ್ಪಿಗೆಯಾಗದ ಮತವನ್ನು ನ್ಯಾಯಪೀಠವು ತಿದ್ದಿತೆಂದು ಸಂತೋಷಿಸುವವನು, ನಾಳೆ ತನ್ನ ಮನೆಯ ಆಚಾರವೂ ಅದೇ ಪೀಠದ ಮುಂದೆ ಪ್ರಮಾಣಪತ್ರಕ್ಕಾಗಿ ನಿಲ್ಲಬೇಕಾಗುವುದೆಂಬುದನ್ನು ಎಣಿಸಿಕೊಂಡರೆ, ಶಿರೂರು ಮಠದ ತೀರ್ಪು ಹಾಕಿಕೊಟ್ಟ ಮರ್ಯಾದೆಯು ಎಲ್ಲ ಮತಗಳವರಿಗೂ, ಯಾವ ಮತವೂ ಬೇಡವೆನ್ನುವವರಿಗೂ ಏಕೆ ಬೇಕೆಂಬುದು ಅವನಿಗೇ ವೇದ್ಯವಾಗುವುದು.